ಮೊಕಾಮಾ ಘಾಟಿನಲ್ಲಿ

ಗಂಗಾನದಿಯು ಪಾಟಲೀಪುತ್ರವನ್ನು ಹಿಂದಕ್ಕೆ ಬಿಟ್ಟು ಮೂಡಣ ಮುಖವಾಗಿ ಐವತ್ತು ಮೈಲಿಗೆ ಮಿಕ್ಕು ಹರಿದ ಮೇಲೆ, ಅದರ ದಕ್ಷಿಣ ತೀರದಲ್ಲಿ ಮೊಕಾಮಾ ಎಂಬ ಊರು ಇರುತ್ತದೆ. ಈ ದಡ ಪ್ರಾಚೀನರ ಮಗಧ. ಆಚೆಯ ದಡ ಜನಕರಾಜನ ಮಿಥಿಲೆ. ಶ್ರೀರಾಮನು ವಿಶ್ವಾಮಿತ್ರರ ಹಿಂದೆ ಗಂಗೆಯನ್ನು ದಾಟಿ ವಿಶಾಲಾನಗರದ ಮಾರ್ಗವಾಗಿ ಮಿಥಿಲೆಗೆ ಹೋದದ್ದು ಇಲ್ಲಿಗೆ ಪಶ್ಚಿಮದಲ್ಲಿ. ಊರಿನ ತೆಂಕಣಕ್ಕೆ ‘ಟಾಲ್’ ಎಂದು ಕರೆಯುವ ತಗ್ಗುಭೂಮಿ ಹಬ್ಬಿಕೊಂಡಿದೆ. ಮಳೆಗಾಲದಲ್ಲಿ ಅದೊಂದು ಸಮುದ್ರ. ನೀರು ಇಳಿದೊಡನೆ ಅಲ್ಲಿಯೇ ಮಸೂರಬೇಳೆಯನ್ನೂ ಕಡಲೆಯನ್ನೂ ಬಿತ್ತುತ್ತಾರೆ. ಎದುರು ದಡದ ಸಿಮರಿಯಾ ಘಾಟು ಮೈಥಿಲರಿಗೆ ಪುಣ್ಯಸ್ಥಳ. ಕಾರ್ತಿಕಮಾಸ ಪೂರ್ತಿ ಅಲ್ಲಿ ಗುಡಿಸಲುಗಳನ್ನು ಕಟ್ಟಿಕೊಂಡು, ದಿನಕ್ಕೊಂದು ಹೊತ್ತು ಉಂಡು, ಪ್ರಾತಃಸ್ನಾನ ಮಾಡುತ್ತ ಕಲ್ಪವಾಸ ನಡೆಸುವ ವೃದ್ಧರನ್ನೂ ವಿಧವೆಯರನ್ನೂ ನಾವು ಸಾಲುಸಾಲಾಗಿ ಕಂಡೆವು.

ಇಷ್ಟಿದ್ದರೂ ಮೊಕಾಮೆಯು ಕನ್ನಡ ನಾಡಿನ ಯಾತ್ರಿಕರು ಇಳಿಯುವ ಸ್ಥಳವಲ್ಲ. ಗಯೆಯಲ್ಲಿ ಪಿತೃಕಾರ್ಯವನ್ನು ಮುಗಿಸಿ, ಕ್ಯೂಲ್ ಜಂಕ್ಷನ್ನಿನಲ್ಲಿ ಗಾಡಿಯನ್ನು ಬದಲಾಯಿಸಿ, ನಾವು ಅಲ್ಲಿಗೆ ಹೊರಟಾಗ ನಮ್ಮ ಗಯಾವಾಳರು, “ಕಾಶಿಯ ಗಾಡಿ ಈ ಕಡೆಗಲ್ಲವಲ್ಲ, ಪಂಡಿತಜೀ!” ಎಂದು ಎಚ್ಚರಿಸಿದರು. ನಮ್ಮ ಮನೆಯವರಿಗೂ ಅದೇ ಸಂದೇಹ. ನಾವು ಹೋದದ್ದು ಒಬ್ಬ ರೈಲ್ವೆ ಗುತ್ತಿಗೆದಾರನು ಇಪ್ಪತ್ತು ವರ್ಷಗಳಿಗೂ ಮಿಕ್ಕು ದುಡಿದ ದಡವನ್ನು ನೋಡುವುದಕ್ಕೆ. ಆತನ ಹೆಸರು ಜಿಮ್ ಕಾರ್ಬೆಟ್ ಎಂದರೆ ವಾಚಕರು ಹುಬ್ಬೇರಿಸಬಹುದು. ಕಾರ್ಬೆಟ್ಟರು ಹುಲಿಯ ಬೇಟೆಗಾರರಲ್ಲವೇ? ಅಹುದು, ಲೋಕವು ಅವರನ್ನು ಅರಿತಿರುವುದು ಹಾಗೆಯೇ. ಅವರ ಹೆಸರಿನ ಅಭಯಾರಣ್ಯವಿದೆ, ಬಂದೂಕು ಹಿಡಿದ ಚಿತ್ರವಿದೆ, ನರಭಕ್ಷಕಗಳ ಕಥೆಗಳನ್ನು ಓದದ ಹುಡುಗರಿಲ್ಲ. ಆದರೆ ಆ ಬೇಟೆಗಳಲ್ಲಿ ಮೊದಲಿನವುಗಳೆಲ್ಲ ರಜದ ದಿನಗಳ ಕೆಲಸ. ಅವರ ಯೌವನವೆಲ್ಲ ಕಳೆದದ್ದು ಈ ಘಾಟಿನಲ್ಲಿ, ಕಲ್ಲಿದ್ದಲ ಧೂಳಿನ ನಡುವೆ. ನಾವು ಉಪಾಧ್ಯಾಯರಾಗಿದ್ದ ಶಾಲೆಯ ಪುಸ್ತಕಭಂಡಾರದಲ್ಲಿ ಅವರು 1952ರಲ್ಲಿ ಪ್ರಕಟಿಸಿದ ‘ಮೈ ಇಂಡಿಯಾ’ ಎಂಬ ಪುಸ್ತಕವೊಂದಿತ್ತು. ಹುಲಿಯ ಪುಸ್ತಕಗಳಿಗೆ ರಟ್ಟು ಕಿತ್ತುಹೋಗಿದ್ದರೆ ಇದು ಹೊಸದಾಗಿಯೇ ಇತ್ತು. ಭಾರತದ ಬಡವರಿಗೆಂದು ಅರ್ಪಿಸಿದ ಈ ಪುಸ್ತಕದಲ್ಲಿ ಹುಲಿಗಳು ಕಡಿಮೆ, ಮನುಷ್ಯರು ಹೆಚ್ಚು. ಹುಡುಗರು ಅದನ್ನು ಮುಟ್ಟದಿದ್ದುದಕ್ಕೆ ಅದೇ ಕಾರಣವಿರಬೇಕು.

ಕಾರ್ಬೆಟ್ಟರು 1875ನೆಯ ಇಸವಿ ಜುಲೈ 25ರಂದು ನೈನಿತಾಲಿನಲ್ಲಿ ಹುಟ್ಟಿದರು. ತಂದೆ ಆ ಊರಿನ ಪೋಸ್ಟ್‌ಮಾಸ್ತರರು. ಮಗನು ಇನ್ನೂ ಬಾಲಕನಾಗಿದ್ದಾಗಲೇ ಅವರು ತೀರಿಹೋದರು. ಮನೆಯ ತುಂಬ ಮಕ್ಕಳು, ವಿಧವೆ ತಾಯಿ. ಬಿಳಿಯರ ಮನೆಯೆಂದೊಡನೆ ಸಿರಿತನವೆಂದು ನಾವು ಭಾವಿಸುವುದುಂಟು. ಈ ಮನೆಯಲ್ಲಿ ಅದಿರಲಿಲ್ಲ. ಇಂಗ್ಲೆಂಡನ್ನು ಕಾಣದೆ ಈ ನೆಲದಲ್ಲಿಯೇ ಹುಟ್ಟಿ ಬೆಳೆದವರನ್ನು ಆಳುವ ಸಾಹೇಬರು ತಮ್ಮ ಪಂಕ್ತಿಗೆ ಪೂರ್ತಿಯಾಗಿ ಸೇರಿಸಿಕೊಳ್ಳುತ್ತಲೂ ಇರಲಿಲ್ಲ. ಓದು ಹದಿನೆಂಟರ ಸುಮಾರಿಗೆ ನಿಂತಿತು. ಬಂಗಾಳ ಮತ್ತು ವಾಯವ್ಯ ರೈಲ್ವೆಯಲ್ಲಿ ಸೌದೆಯ ಮೇಲ್ವಿಚಾರಕನೆಂಬ ತಾತ್ಕಾಲಿಕ ಉದ್ಯೋಗ ದೊರೆಯಿತು. ಆಗ ಇಂಜಿನ್ನುಗಳು ಕಟ್ಟಿಗೆಯನ್ನು ಸುಡುತ್ತಿದ್ದ ಕಾಲ. ಕಾಡಿನಲ್ಲಿ ಡೇರೆ ಹಾಕಿಕೊಂಡು, ಆಳುಗಳನ್ನು ಕೂಡಿಸಿ, ಮರವನ್ನು ಕಡಿಸಿ, ಅಳತೆಮಾಡಿ, ಎತ್ತಿನ ಗಾಡಿಗಳಲ್ಲಿ ರೈಲುರಸ್ತೆಗೆ ಮುಟ್ಟಿಸುವುದು ಅವರ ಪಾಲಿನ ಕೆಲಸ. ಕಡಿಯಬೇಕಾಗಿದ್ದ ಕಟ್ಟಿಗೆ 5 ಲಕ್ಷ ಘನ ಅಡಿ! ಹರೆಯದ ಹುಡುಗನು ಮಾತಿಗೊಬ್ಬ ಸಂಗಡಿಗನಿಲ್ಲದೆ ಅದನ್ನು ಪೂರೈಸಿದನು. ಅಷ್ಟರಲ್ಲಿ ಇಂಜಿನ್ನುಗಳಿಗೆ ಕಲ್ಲಿದ್ದಲು ಬಂದಿತು, ಸೌದೆಯ ಉದ್ಯೋಗ ಹೋಯಿತು.

ಲೆಕ್ಕವನ್ನು ಒಪ್ಪಿಸಲು ಸಮಸ್ತಿಪುರದ ಕಚೇರಿಗೆ ಹೋದಾಗ, ಪುಸ್ತಕಕ್ಕೆ ಸೇರದೆ ತಮ್ಮ ಕೈಯಲ್ಲಿ ಉಳಿದಿದ್ದ ಹಣವನ್ನು ಕಾರ್ಬೆಟ್ಟರು ಮೇಲಧಿಕಾರಿಯ ಮೇಜಿನ ಮೇಲೆ ಇಟ್ಟರಂತೆ. ಕೇಳುವವರಿಲ್ಲದ ಹಣವದು. ಆ ಅಧಿಕಾರಿಯು ಹುಡುಗನನ್ನು ಮನೆಗೆ ಕಳುಹಿಸದೆ ಇಟ್ಟುಕೊಂಡದ್ದಕ್ಕೆ ಇದೇ ನಿಮಿತ್ತವಾಯಿತು. ಮುಂದೆ ಒಂದು ವರ್ಷ ಸಾಮಾನು ಗಾಡಿಗಳ ಇಂಜಿನ್ನಿನ ಮೇಲೆ ನಿಂತು ಎಷ್ಟು ಇದ್ದಲು ಸುಟ್ಟಿತೆಂದು ಬರೆಯುವುದು, ಗಾರ್ಡಿನ ಸಹಾಯಕನಾಗುವುದು, ಉಗ್ರಾಣವನ್ನು ನೋಡುವುದು, ಸಣ್ಣ ಸ್ಟೇಷನ್ನಿನಲ್ಲಿ ಮಾಸ್ತರರ ಕೈಕೆಳಗೆ ದುಡಿಯುವುದು, ಹೀಗೆ ರೈಲ್ವೆಯ ಎಲ್ಲ ಪಾಠಗಳೂ ಆದವು. ವೇದಪಾಠದಲ್ಲಿ ಪದ, ಕ್ರಮ, ಜಟೆ, ಘನಗಳೆಂದು ಒಂದನ್ನೇ ನಾನಾ ವಿಧವಾಗಿ ತಿರುವಿ ಹಾಕುವಂತೆ ಎಂದು ನಮಗೆ ತೋರಿತು. ಅನಂತರ ಇಪ್ಪತ್ತರ ಆಜುಬಾಜಿನಲ್ಲಿ ಅವರನ್ನು ಮೊಕಾಮಾ ಘಾಟಿಗೆ ಕಳುಹಿಸಿದರು.

ಈ ಘಾಟಿನಲ್ಲಿದ್ದ ತೊಡಕು ಏನೆಂಬುದನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ದಕ್ಷಿಣ ತೀರಕ್ಕೆ ಬರುತ್ತಿದ್ದದ್ದು ಕಲ್ಕತ್ತೆಯ ಕಡೆಯ ಅಗಲ ಹಳಿ, ಹಳಿಯಿಂದ ಹಳಿಗೆ 5 ಅಡಿ 6 ಅಂಗುಲ. ಉತ್ತರ ತೀರದಲ್ಲಿದ್ದದ್ದು ಮೀಟರ್ ಹಳಿ, 3 ಅಡಿ 3 ಅಂಗುಲಕ್ಕೆ ಸ್ವಲ್ಪ ಮಿಕ್ಕು. ನಡುವೆ ಸೇತುವೆಯಿಲ್ಲದ ಗಂಗೆ. ಒಂದರ ಡಬ್ಬಿ ಇನ್ನೊಂದರ ಮೇಲೆ ಓಡಲಾರದು. ಮೈಸೂರಿನವರಿಗೆ ಇದು ಹೊಸತಲ್ಲ. ನಮ್ಮ ಬಾಲ್ಯದಲ್ಲಿ ಮೈಸೂರಿನಿಂದ ಬೆಂಗಳೂರಿಗೆ ಬರುತ್ತಿದ್ದದ್ದು ಸಣ್ಣ ಹಳಿಯ ಗಾಡಿ. ಮದರಾಸಿಗೆ ಹೋಗಬೇಕಾದರೆ ಬೆಂಗಳೂರಿನಲ್ಲಿ ಇಳಿದು ಗಂಟುಮೂಟೆಗಳೊಡನೆ ದೊಡ್ಡ ಗಾಡಿಗೆ ಹತ್ತಬೇಕು. ಮನುಷ್ಯರಾದರೋ ತಾವಾಗಿ ನಡೆದು ಹೋಗುತ್ತಾರೆ. ಉಪ್ಪು, ಸಕ್ಕರೆ, ಧಾನ್ಯ, ಬಟ್ಟೆ, ಕಬ್ಬಿಣ, ಕಲ್ಲಿದ್ದಲುಗಳಿಗೆ ಕಾಲಿಲ್ಲ. ಅವೆಲ್ಲವನ್ನೂ ಒಂದು ಡಬ್ಬಿಯಿಂದ ಇಳಿಸಿ ಗೋದಾಮಿನಲ್ಲಿ ವಿಂಗಡಿಸಿ ಇನ್ನೊಂದಕ್ಕೆ ತುಂಬಬೇಕು. ಬಳಿಕ ಆ ಸಣ್ಣ ಡಬ್ಬಿಗಳನ್ನು ಹಳಿ ಜೋಡಿಸಿದ ಚಪ್ಪಟೆ ದೋಣಿಗಳ ಮೇಲೆ ತಳ್ಳಿ ಉಗಿಹಡಗಿನಿಂದ ಎಳೆಯಿಸಿ ಸಿಮರಿಯಾ ಘಾಟಿಗೆ ಮುಟ್ಟಿಸಬೇಕು. ಯಂತ್ರವಿಲ್ಲ, ಏತವಿಲ್ಲ. ತಲೆ, ಬೆನ್ನು, ಬುಟ್ಟಿ, ಸನಿಕೆ ಇವೇ ಸಲಕರಣೆಗಳು. ವೈಶಾಖ ಜ್ಯೇಷ್ಠಗಳ ಬಿಸಿಲಿನಲ್ಲಿ ಇದ್ದಲಿನ ಡಬ್ಬಿಯ ಕಬ್ಬಿಣದ ಮೇಲೆ ಬರಿಗಾಲಿಟ್ಟು ನಿಂತು ದುಡಿಯುವುದೆಂದರೆ ಏನೆಂಬುದನ್ನು ಬಿಹಾರದ ಬಿಸಿಲನ್ನು ಕಂಡವರು ಊಹಿಸಬಲ್ಲರು. ನಾವು ಹೋದದ್ದು ಕಾರ್ತಿಕದಲ್ಲಿ. ಆಗಲೂ ಮಧ್ಯಾಹ್ನದ ಮರಳು ಕಾಲನ್ನು ಸುಡುತ್ತಿತ್ತು.

ಕಾರ್ಬೆಟ್ಟರು ಬಂದಾಗ ಗೋದಾಮುಗಳು ತುಂಬಿ ತುಳುಕಿ, ಇಳಿಸುವವರಿಲ್ಲದ ಡಬ್ಬಿಗಳು ಮೈಲಿಗಟ್ಟಲೆ ನಿಂತಿದ್ದವು. ಆ ಪ್ರಾಯದವನು ಇದನ್ನು ನಿಭಾಯಿಸುವನೆಂಬ ಭರವಸೆ ಅಲ್ಲಿಯವರಲ್ಲಿ ಯಾರಿಗೂ ಇರಲಿಲ್ಲ. ಆಸರೆಯಾಗಿ ಸಿಕ್ಕಿದವರು ಸ್ಟೇಷನ್ ಮಾಸ್ತರರಾದ ರಾಮಶರಣರು. ಇವರಿಬ್ಬರೂ ಬೆಳಗಿನ ಜಾವಕ್ಕೆ ಎದ್ದು ಹೋದರೆ ಊಟವೆಂಬುದು ರಾತ್ರಿಯೇ. ಆಳುಗಳಿಗೆ ಪಗಾರದ ಪದ್ಧತಿ ಕಾರ್ಬೆಟ್ಟರೇ ಏರ್ಪಡಿಸಿದ್ದು. ಒಬ್ಬ ಮೇಸ್ತ್ರಿಯ ಕೈಕೆಳಗೆ ಸಣ್ಣ ತಂಡ. ತಂಡವು ಎತ್ತಿದ ಭಾರಕ್ಕೆ ಬಂದ ಹಣವನ್ನು ಎಲ್ಲರೂ ಸಮನಾಗಿ ಹಂಚಿಕೊಳ್ಳಬೇಕು, ಮೇಸ್ತ್ರಿಗೂ ಅಷ್ಟೇ. ಕೂಲಿಯವರ ಬೆವರಿನಿಂದ ಮೇಸ್ತ್ರಿಯ ಹೊಟ್ಟೆ ಬೆಳೆಯುವ ರೂಢಿಯನ್ನು ಕಂಡವರಿಗೆ ಈ ಸಣ್ಣ ನಿಯಮದ ಬೆಲೆ ತಿಳಿಯುತ್ತದೆ.

ಮೊದಲ ತಿಂಗಳುಗಳಲ್ಲಿಯೇ ಒಂದು ಕಠಿನ ಪರೀಕ್ಷೆ ಬಂದಿತು. ರಾಶಿಬಿದ್ದ ಸಾಮಾನು ಕರಗುತ್ತಿದ್ದರೂ ಮೇಲಿನ ಕಚೇರಿಯಿಂದ ಹಣ ಬರಲಿಲ್ಲ. ಕಾರ್ಬೆಟ್ಟರ ಕೈಯಲ್ಲಿದ್ದದ್ದು ಮುಗಿಯಿತು. ಅಂಗಡಿಯವರು ಕಡ ಕೊಡುವುದನ್ನು ನಿಲ್ಲಿಸಿದರು. ಆಳುಗಳು ದಿನಕ್ಕೊಂದು ಹೊತ್ತಿನ ಊಟದಲ್ಲಿ ದುಡಿದರು. ಯಜಮಾನನೂ ಹಾಗೆಯೇ ಇದ್ದನು. ಮೂರು ತಿಂಗಳು ಕಳೆದರೂ ಕಾಗದಗಳಿಗೆ ಉತ್ತರವಿಲ್ಲದಿರಲು, ಕೊನೆಗೆ ಒಂದು ದಿನ ಮಧ್ಯಾಹ್ನಕ್ಕೆ ಕೆಲಸವನ್ನು ನಿಲ್ಲಿಸಿರುವುದಾಗಿಯೂ ಹಣವು ಗಾಡಿಯಲ್ಲಿ ಹೊರಟ ಸಮಾಚಾರ ಬಂದಲ್ಲದೆ ತೊಡಗುವುದಿಲ್ಲವೆಂದೂ ಗೋರಖಪುರಕ್ಕೆ ತಂತಿ ಕೊಟ್ಟರು. ನೌಕರಿಯ ಮೇಲಿನ ಆಸೆಯನ್ನು ಬಿಟ್ಟೇ ಕೊಟ್ಟ ತಂತಿಯದು. ಹಣ ಬಂದಿತು. ಚೀಲಗಳಲ್ಲಿ ಬಂದ ಬೆಳ್ಳಿಯ ರೂಪಾಯಿಗಳನ್ನು ಅಂದು ಹಂಚಿದ ವೃತ್ತಾಂತವನ್ನು ಓದುವಾಗ, ತಿಂಗಳ ಕೊನೆಯ ವಾರದ ಅಡಿಗೆಮನೆಯನ್ನು ಬಲ್ಲ ಗೃಹಸ್ಥರಿಗೆ ಗಂಟಲು ತುಂಬದಿರದು.

ರಾಮಶರಣರಿಗೆ ವಿದ್ಯೆಯ ಮೇಲೆ ಆಸೆ. ಕೂಲಿಯವರ ಮಕ್ಕಳಿಗೆ ಒಂದು ಶಾಲೆ ಬೇಕೆಂದು ಇಬ್ಬರೂ ಸೇರಿ ಗುಡಿಸಲು ಕಟ್ಟಿಸಿ ಉಪಾಧ್ಯಾಯರೊಬ್ಬರನ್ನು ಗೊತ್ತುಮಾಡಿದರು. ಮೊದಲ ದಿನವೇ ಜಾತಿಯ ತೊಡಕು ಎದ್ದಿತು. ಮೇಲಿನ ಕುಲದ ಹುಡುಗರು ಕೆಳಗಿನವರೊಡನೆ ಒಂದೇ ಮನೆಯೊಳಗೆ ಕುಳಿತುಕೊಳ್ಳಕೂಡದು. ರಾಮಶರಣರು ವಾದಮಾಡಲಿಲ್ಲ, ಶಾಸ್ತ್ರವನ್ನು ತೆಗೆಯಲಿಲ್ಲ. ಗುಡಿಸಲಿನ ಗೋಡೆಗಳನ್ನು ಕೀಳಿಸಿಬಿಟ್ಟರು. ಗೋಡೆಯಿಲ್ಲದ ಚಪ್ಪರ ಮನೆಯಲ್ಲ, ಅದರ ಕೆಳಗೆ ಯಾರು ಬೇಕಾದರೂ ಕುಳಿತುಕೊಳ್ಳಬಹುದು! ಮೀಮಾಂಸಾಶಾಸ್ತ್ರದಲ್ಲಿ ಹನ್ನೆರಡು ವರ್ಷ ತಲೆ ಬೋಳಿಸಿಕೊಂಡವರಿಗೆ ಹೊಳೆಯದ ಪರಿಹಾರವಿದು. ನಾವು ಶಾಲೆಗಳಲ್ಲಿ ಮೂವತ್ತೈದು ವರ್ಷ ದುಡಿದವರು. ಕಟ್ಟಡವಿಲ್ಲದ ಶಾಲೆಗಳ ವಿಷಯ ಬೇಕಾದಷ್ಟು ಕೇಳಿದ್ದೇವೆ, ಗೋಡೆ ಕಿತ್ತದ್ದರಿಂದ ಬೆಳೆದ ಶಾಲೆಯನ್ನು ಕೇಳಿದ್ದು ಇದೊಂದೇ. ಬೆರಳೆಣಿಕೆಯ ಹುಡುಗರಿಂದ ತೊಡಗಿದ ಅದು ಇನ್ನೂರರ ಸಂಖ್ಯೆಗೆ ಏರಿ, ಕೊನೆಗೆ ಸರಕಾರದವರು ಅದನ್ನು ವಹಿಸಿಕೊಂಡು ಮಿಡಲ್ ಸ್ಕೂಲು ಮಾಡಿದರು. ರಾಮಶರಣರಿಗೆ ರಾಯಸಾಹೇಬ ಎಂಬ ಬಿರುದು ಬಂದಿತು.

ಈ ಘಾಟಿನ ಕಥೆಗಳಲ್ಲಿ ನಮ್ಮ ಮನಸ್ಸನ್ನು ಬಿಡದೆ ಹಿಡಿದದ್ದು ಚಮಾರಿಯ ಕಥೆ. ಆತನ ಕುಲವೇನೆಂಬುದನ್ನು ಹೆಸರೇ ಹೇಳುತ್ತದೆ. ಹುಟ್ಟಿದಂದಿನಿಂದ ಇತರರ ಹೊಲಗಳಲ್ಲಿ ದುಡಿದು ಸೋತು, ಹೆಂಡತಿಯೊಡನೆ ಕೆಲಸವನ್ನು ಕೇಳಿಕೊಂಡು ಬಂದವನು. ಕಾರ್ಬೆಟ್ಟರು ಆತನನ್ನು ಇದ್ದಲಿನ ಕೆಲಸಕ್ಕೆ ಹಾಕಿದರು. ಕೆಲಕಾಲದಲ್ಲಿಯೇ ಆ ಕೆಲಸಕ್ಕೆಲ್ಲ ಮೇಸ್ತ್ರಿಯನ್ನಾಗಿ ಮಾಡಿದರು. ಆತನ ಕೈಕೆಳಗೆ ತನಗಿಂತ ಮೇಲಿನ ಕುಲದವರೂ ದುಡಿದರು. ಮೇಲುಕುಲದವರಿಗೆ ಎದುರಾಡಿದವನಲ್ಲ, ಕೆಳಕುಲದವರನ್ನು ಬೈದವನಲ್ಲ. ಎತ್ತಿದ ಬುಟ್ಟಿಯ ಲೆಕ್ಕದಲ್ಲಿ ಮಾತ್ರ ಒಂದು ಕೂದಲೆಳೆಯಷ್ಟೂ ಜಾರಿದವನಲ್ಲ. ಮೇಸ್ತ್ರಿಗೆ ಬರುತ್ತಿದ್ದ ಸಂಪಾದನೆ ಆತನಲ್ಲಿ ಉಳಿಯಲಿಲ್ಲ. ಹಸಿದು ಬಂದವರಿಗೆ ಆತನ ಗುಡಿಸಲಿನಲ್ಲಿ ಅನ್ನವಿತ್ತು. ಆ ಅನ್ನವನ್ನು ಉಣ್ಣಬಾರದ ಕುಲದವರು ಬಂದರೆ ಬೇಯಿಸದ ಧಾನ್ಯವಿತ್ತು.

ಘಾಟಿಗೆ ಕಾಲರಾ ಆಗಾಗ ಬರುತ್ತಿದ್ದ ಅತಿಥಿ. ವೈದ್ಯರು ಹತ್ತಿರದಲ್ಲಿಲ್ಲ, ಕಾರ್ಬೆಟ್ಟರೇ ರೋಗಿಗಳ ಬಳಿ ಕುಳಿತು ಉಪಚರಿಸುತ್ತಿದ್ದರು. ಚಮಾರಿಗೂ ಅದೇ ರೋಗ ಬಂದಿತು. ಯಜಮಾನನು ಎಷ್ಟು ಉಪಚರಿಸಿದರೂ ಆತ ಉಳಿಯಲಿಲ್ಲ. ಭಗವಂತನ ಹೆಸರನ್ನು ಹೇಳುತ್ತ ಹೋದನು. ಮರುದಿನ ಆ ಸಂಸ್ಕಾರಕ್ಕೆ ಕೂಡಿದ ಜನವನ್ನು ಮೊಕಾಮೆ ಹಿಂದೆ ಕಂಡಿರಲಿಲ್ಲವಂತೆ. ಹಿಂದೂಗಳು, ಮುಸಲ್ಮಾನರು, ಕ್ರೈಸ್ತರು, ಮುಟ್ಟುವವರು, ಮುಟ್ಟದವರು ಎಲ್ಲರೂ ಬಂದಿದ್ದರು. ಕಾಶಿಯ ಒಬ್ಬ ಅರ್ಚಕರೂ ಅಂದು ಅಲ್ಲಿದ್ದು ಆತನಿಗೆ ಗೌರವ ಸಲ್ಲಿಸಿದರೆಂದು ಕಾರ್ಬೆಟ್ಟರು ಬರೆದಿಟ್ಟಿದ್ದಾರೆ. ಪಿತೃಕಾರ್ಯವನ್ನು ಮುಗಿಸಿಕೊಂಡು ಆ ದಡಕ್ಕೆ ಬಂದಿದ್ದ ನಮಗೆ, ಗಯೆಯಲ್ಲಿ ಹೆಸರು ಗೊತ್ತಿಲ್ಲದವರಿಗೂ ಒಂದು ಪಿಂಡವನ್ನಿಡುವ ಕ್ರಮವು ನೆನಪಾಯಿತು. ಒಂದು ಬೊಗಸೆ ಗಂಗೋದಕವನ್ನು ಆ ಹೆಸರಿನಲ್ಲಿ ಬಿಟ್ಟೆವು. ಶಾಸ್ತ್ರಜ್ಞರು ಇದಕ್ಕೆ ವಿಧಿವಾಕ್ಯವೆಲ್ಲಿಯೆಂದು ಕೇಳಬಾರದು.

ಬುಧು ಎಂಬ ಇನ್ನೊಬ್ಬ ಇದ್ದಲಿನಾಳಿನ ಸಂಗತಿಯನ್ನೂ ಹೇಳಬೇಕು. ಆತ ಪ್ರತಿವರ್ಷವೂ ಸುಗ್ಗಿಯಲ್ಲಿ ಕೆಲಸ ಬಿಟ್ಟು ಊರಿಗೆ ಹೋಗಿ, ಸಾಹುಕಾರನ ಹೊಲದಲ್ಲಿ ಕೂಲಿಯಿಲ್ಲದೆ ದುಡಿದು ಬರುತ್ತಿದ್ದ. ಯಾತಕ್ಕೆಂದು ವಿಚಾರಿಸಲಾಗಿ, ಆತನ ಅಜ್ಜ ಎರಡು ರೂಪಾಯಿ ಸಾಲ ಮಾಡಿದ್ದನಂತೆ! ಮಗನೂ ಮೊಮ್ಮಗನೂ ಬಡ್ಡಿಗೆ ದುಡಿದರೂ ಅಸಲು ಬೆಳೆಯುತ್ತಲೇ ಇತ್ತು. ಕಾರ್ಬೆಟ್ಟರು ವಕೀಲರನ್ನು ಹಿಡಿದು ಆ ಪತ್ರವನ್ನು ಬಿಡಿಸಿಕೊಟ್ಟರು. ಕಾಲರಾ ತಗುಲಿ ದಡದಲ್ಲಿ ಬಿದ್ದಿದ್ದ ಒಬ್ಬ ವ್ಯಾಪಾರಿಯನ್ನು ಮನೆಗೆ ತಂದು ಬದುಕಿಸಿ, ದಿವಾಳಿಯಾಗಿದ್ದ ಆತನಿಗೆ 500 ರೂಪಾಯಿ ಕೈಗಡ ಕೊಟ್ಟದ್ದೂ, ಆತ ಅದನ್ನು ಒಂದು ವರ್ಷದಲ್ಲಿ ತಂದೊಪ್ಪಿಸಿದ್ದೂ ಆ ಪುಸ್ತಕದಲ್ಲಿದೆ. ಒಬ್ಬ ಸಾಹುಕಾರ ಹಾಗೆ, ಒಬ್ಬ ಹೀಗೆ.

ಇಲ್ಲಿ ಒಂದು ಮಾತನ್ನು ಮರೆಮಾಚದೆ ಹೇಳುವೆವು. ಈ ಕಥೆಗಳಿಗೆಲ್ಲ ಸಾಕ್ಷಿ ಕಾರ್ಬೆಟ್ಟರ ಪುಸ್ತಕ. ಬುಟ್ಟಿ ಹೊತ್ತವರು ಪುಸ್ತಕ ಬರೆಯಲಿಲ್ಲ. ಬರೆದಿದ್ದರೆ ಅದರಲ್ಲಿ ಮತ್ತೇನಿರುತ್ತಿತ್ತೋ. ಅಲ್ಲದೆ, ಅದೇ ಮೊಕಾಮೆಯ ರೈಲು ನಿಲ್ದಾಣದಲ್ಲಿ 1908ರ ಮೇ ತಿಂಗಳಲ್ಲಿ, ಮುಜಫ್ಫರಪುರದ ಬಾಂಬಿನ ಪ್ರಕರಣದ ತರುವಾಯ, ಪ್ರಫುಲ್ಲ ಚಾಕಿ ಎಂಬ ಬಂಗಾಳಿ ತರುಣನು ಪೋಲೀಸರಿಗೆ ಸಿಕ್ಕದೆ ಪ್ರಾಣ ಬಿಟ್ಟನು. ಇಪ್ಪತ್ತು ತುಂಬದ ಪ್ರಾಯ. ಆತನ ಸಂಗಡಿಗ ಖುದೀರಾಮ ಬೋಸನನ್ನು ಅದೇ ವರ್ಷ ಗಲ್ಲಿಗೇರಿಸಿದರು. ಕಾರ್ಬೆಟ್ಟರು ಆಗ ಘಾಟಿನಲ್ಲಿ ಕೆಲಸದಲ್ಲಿದ್ದವರೇ. ಆದರೆ ಅವರ ಭಾರತದಲ್ಲಿ ಬಡವರಿದ್ದಾರೆ, ಬಂಡಾಯವಿಲ್ಲ. ಋಣಮುಕ್ತನಾದ ಬುಧುವಿದ್ದಾನೆ, ಬಿಡುಗಡೆಗಾಗಿ ಸತ್ತ ಹುಡುಗನಿಲ್ಲ. ಅವರು ಆಳುವವರ ಕುಲದವರು, ಆ ಆಳ್ವಿಕೆಯನ್ನು ಪ್ರಶ್ನಿಸಿದವರಲ್ಲ. ಇದನ್ನು ತಿಳಿದೂ ನಾವು ಆ ದಡಕ್ಕೆ ಹೋದೆವು. ಚಾಕಿಯ ಮೊಕಾಮೆಯೂ ಚಮಾರಿಯ ಮೊಕಾಮೆಯೂ ಒಂದೇ ಮಣ್ಣು.

ಬೇಟೆಯ ಸಂಗತಿ ಎಲ್ಲರಿಗೂ ಗೊತ್ತಿರುವುದರಿಂದ ಬೆಳೆಸುವುದಿಲ್ಲ. 1907ರಲ್ಲಿ ಚಂಪಾವತದ ಹೆಣ್ಣುಹುಲಿಯನ್ನು ಕೊಂದಾಗ ಅವರು ರೈಲ್ವೆ ಗುತ್ತಿಗೆದಾರರು. ಆ ಹುಲಿ ಕೊಂದ ಜನರ ಸಂಖ್ಯೆ 436 ಎಂದು ಲೆಕ್ಕ. ಬಹುಮಾನವನ್ನು ಘೋಷಿಸಿದ್ದರೆ ಹಿಂದಕ್ಕೆ ತೆಗೆದುಕೊಳ್ಳಬೇಕೆಂಬುದು ಅವರ ನಿಬಂಧನೆಯಾಗಿತ್ತು. ಬೇಟೆ ಮುಗಿದೊಡನೆ ಮತ್ತೆ ಇದ್ದಲು, ಮತ್ತೆ ಉಪ್ಪಿನ ಮೂಟೆ.

1914ರಲ್ಲಿ ಮಹಾಯುದ್ಧ ಮೊದಲಾದಾಗ ಅವರಿಗೆ ಮೂವತ್ತೊಂಬತ್ತು. ಸೈನ್ಯಕ್ಕೆ ಸೇರಲು ಹೋದರೆ ಪ್ರಾಯ ಮೀರಿತೆಂದು ಹಿಂದಕ್ಕೆ ಕಳುಹಿಸಿದರು. 1917ರಲ್ಲಿ, ಜನವು ಸಾಲದಾದಾಗ, ಕ್ಯಾಪ್ಟನ್ ಪದವಿಯನ್ನು ಕೊಟ್ಟು ಬರಮಾಡಿಕೊಂಡರು. ಅವರು ಕುಮಾವೂನಿನ ಹಳ್ಳಿಗಳನ್ನು ಸುತ್ತಿ ಐನೂರು ಮಂದಿಯನ್ನು ಕೂಡಿಸಿ ಫ್ರಾನ್ಸಿಗೆ ಕರೆದೊಯ್ದರು. ಇದು ಬಂದೂಕಿನ ಪಡೆಯಲ್ಲ, ಕೂಲಿಯ ಪಡೆ. ಆ ಯುದ್ಧದಲ್ಲಿ ನಮ್ಮ ದೇಶದಿಂದ ಫ್ರಾನ್ಸಿಗೆ ಹೋದ ಇಂತಹ ಕೂಲಿಯವರು ಸುಮಾರು 50,000. ಹಡಗಿನಿಂದ ಸಾಮಾನನ್ನು ಇಳಿಸುವುದು, ಮರ ಕಡಿಯುವುದು, ರಸ್ತೆ ಮಾಡುವುದು, ರೈಲುಹಳಿ ಹಾಸುವುದು ಇವರ ಕೆಲಸ. ಪದಕಗಳ ಪಟ್ಟಿಯಲ್ಲಿ ಇವರನ್ನು ಹುಡುಕಿದರೆ ಸಿಕ್ಕುವುದಿಲ್ಲ. ಗುಂಡಿಗೆ ಸಿಕ್ಕದವರೂ ಅಲ್ಲಿಯ ಚಳಿಗೆ ಸಿಕ್ಕಿದರು. ಹಿಮಾಲಯದ ಬೆಟ್ಟದವರನ್ನು ಕಡಲು ದಾಟಿಸಿ, ಅವರ ಮಡಿ, ಅಡಿಗೆ, ಅಂಜಿಕೆಗಳನ್ನು ನೋಡಿಕೊಂಡು ಹಿಂದಕ್ಕೆ ತರುವುದಕ್ಕೆ ಬೇಕಾದ ವಿದ್ಯೆಯನ್ನು ಕಾರ್ಬೆಟ್ಟರು ಮೊಕಾಮೆಯಲ್ಲಿಯೇ ಕಲಿತಿದ್ದರು. ಯುದ್ಧಭೂಮಿಯಲ್ಲಿಯೂ ಅವರ ಕೈಗೆ ಬಂದದ್ದು ಹೊರೆ, ಸನಿಕೆ, ಹಳಿಗಳೇ ಅಲ್ಲವೇ? ಮೇಜರ್ ಆದರು, 1919ರ ಮೂರನೆಯ ಆಫ್‌ಘನ್ ಯುದ್ಧದ ಕಾಲದಲ್ಲಿ ವಾಯವ್ಯದ ಗಡಿಯಲ್ಲಿಯೂ ಕೆಲಸ ಮಾಡಿದರು. ಅಲ್ಲಿಂದ ಮುಂದೆ ರೈಲ್ವೆಗೆ ಹಿಂದಿರುಗಲಿಲ್ಲ.

ಆಮೇಲಿನ ಕಾರ್ಬೆಟ್ಟರನ್ನು ನೋಡಬೇಕಾದರೆ ಗಂಗೆಯನ್ನು ಬಿಟ್ಟು ಹಿಮಾಲಯದ ತಪ್ಪಲಿಗೆ ಹೋಗಬೇಕು. ಮೊಕಾಮೆಗೆ ಬರುವುದಕ್ಕೆ ಮೂರು ವರ್ಷ ಹಿಂದೆ ಬದರಿಯಿಂದ ಇಳಿದು ನೈನಿತಾಲಿನ ದಾರಿಯಾಗಿ ಬರುವಾಗ ನಾವು ಕಾಲಾಢೂಂಗಿಯಲ್ಲಿ ಒಂದು ದಿನ ನಿಂತಿದ್ದೆವು. ಅದಕ್ಕೆ ಸೇರಿದಂತೆ ಛೋಟೀ ಹಲ್ದ್ವಾನಿ ಎಂಬ ಗ್ರಾಮ. ಕಾರ್ಬೆಟ್ಟರು 1915ರಲ್ಲಿ ಇದನ್ನು ಕೊಂಡು, ಒಕ್ಕಲುಗಳನ್ನು ನೆಲೆಗೊಳಿಸಿ, 1922ರಲ್ಲಿ ತಮ್ಮ ಚಳಿಗಾಲದ ಮನೆಯನ್ನು ಕಟ್ಟಿಕೊಂಡರು. ಮನೆ ಈಗ ವಸ್ತುಸಂಗ್ರಹಾಲಯ. ಜಗಲಿ ದೊಡ್ಡದು, ಒಳಗೆ ಅವರ ಪೀಠೋಪಕರಣ, ಕಾಗದಗಳು, ಚಿತ್ರಗಳು. ನಮಗೆ ಹೆಚ್ಚು ಹಿಡಿಸಿದ್ದು ಊರಿನ ಸುತ್ತಲಿನ ಕಲ್ಲುಗೋಡೆ. ಕಾಡುಹಂದಿಗಳಿಂದ ಪೈರನ್ನು ಉಳಿಸಲು ಅವರು ಕಟ್ಟಿಸಿದ ಆ ಗೋಡೆ ಹಲವೆಡೆ ಇಂದಿಗೂ ನಿಂತಿದೆ. ಮೊಕಾಮೆಯಲ್ಲಿ ಗೋಡೆ ಕಿತ್ತು ಮಾಡಿದ ಉಪಕಾರ, ಇಲ್ಲಿ ಗೋಡೆ ಕಟ್ಟಿ ಮಾಡಿದ್ದು ಎಂದು ನಮ್ಮ ಮನೆಯವರು ನಕ್ಕರು. ಒಕ್ಕಲುಗಳಿಂದ ಗೇಣಿ ತೆಗೆದುಕೊಳ್ಳದೆ ಕಂದಾಯವನ್ನು ತಾವೇ ಕಟ್ಟುತ್ತಿದ್ದರೆಂದು ಊರಿನವರು ಇಂದಿಗೂ ಹೇಳುತ್ತಾರೆ.

ಎರಡನೆಯ ಮಹಾಯುದ್ಧ ಬಂದಾಗ ಅರುವತ್ತು ದಾಟಿದ್ದ ಅವರು ಸುಮ್ಮನಿರಲಿಲ್ಲ. 1944ರಲ್ಲಿ ಲೆಫ್ಟಿನೆಂಟ್ ಕರ್ನಲ್ ಪದವಿಯಿಂದ, ಬರ್ಮಾದ ಕಾಡುಗಳಿಗೆ ಹೋಗಲಿದ್ದ ಸೈನಿಕರಿಗೆ ಕಾಡಿನಲ್ಲಿ ಬದುಕುವ ಪಾಠ ಹೇಳಿದರು. ಯಾವ ಕಾಯಿ ತಿನ್ನಬಹುದು, ನೀರೆಲ್ಲಿ ಸಿಕ್ಕೀತು, ಯಾವ ಹಕ್ಕಿಯ ಕೂಗಿನ ಅರ್ಥವೇನು ಎಂಬುದು. ಉಪಾಧ್ಯಾಯರಾಗುವುದಕ್ಕೆ ನಿವೃತ್ತಿಯ ಪ್ರಾಯ ಅಡ್ಡಿಯಲ್ಲವೆಂಬುದು ನಮಗೂ ಸಮಾಧಾನದ ವಿಷಯ. 1947ರ ನವಂಬರಿನಲ್ಲಿ, ದೇಶ ಸ್ವತಂತ್ರವಾದ ಮೂರೇ ತಿಂಗಳಿಗೆ, ಅಕ್ಕನಾದ ಮ್ಯಾಗಿಯೊಡನೆ ಅವರು ಆಫ್ರಿಕದ ಕೀನ್ಯಾಕ್ಕೆ ಹೊರಟುಹೋದರು. ‘ನನ್ನ ಭಾರತ’ ಎಂಬರ್ಥದ ಹೆಸರಿನ ಪುಸ್ತಕ ಪ್ರಕಟವಾದದ್ದು ಭಾರತವನ್ನು ಬಿಟ್ಟ ಮೇಲೆ. ಏಕೆ ಹೋದರೆಂಬುದಕ್ಕೆ ಜನ ನಾನಾ ಕಾರಣ ಹೇಳುತ್ತಾರೆ. ಹೊಸ ಭಾರತದಲ್ಲಿ ತಮಗೆ ಸ್ಥಳವಿರದೆಂಬ ಅಂಜಿಕೆಯೇ ಕಾರಣವಾಗಿದ್ದರೆ, ಚಮಾರಿಯ ಜನರನ್ನು ಅಷ್ಟು ಬಲ್ಲವರು ಅಷ್ಟನ್ನು ನಂಬಬಹುದಾಗಿತ್ತೆಂದು ನಮಗೆ ತೋರುತ್ತದೆ. 1955ನೆಯ ಏಪ್ರಿಲ್ 19ರಂದು ನ್ಯೇರಿಯಲ್ಲಿ ತೀರಿಕೊಂಡರು, ಸಮಾಧಿಯೂ ಅಲ್ಲಿಯೇ.

ಮೊಕಾಮಾ ಘಾಟಿನ ಕೆಲಸ ಅವರು ಹೋದ ಮೇಲೆಯೂ ಬಹುಕಾಲ ನಡೆಯಿತು. ಅದನ್ನು ನಿಲ್ಲಿಸಿದ್ದು ಸೇತುವೆ. ಸ್ವಾತಂತ್ರ್ಯದ ತರುವಾಯ ಬಿಹಾರದಲ್ಲಿ ಗಂಗೆಗೆ ಎಲ್ಲಿ ಸೇತುವೆ ಕಟ್ಟಬೇಕೆಂಬ ಪ್ರಶ್ನೆ ಎದ್ದಾಗ, ಸ್ಥಳವನ್ನು ನಿರ್ಣಯಿಸಲು ಕರೆದದ್ದು ತೊಂಬತ್ತು ದಾಟಿದ್ದ ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರನ್ನು! ಮೊಕಾಮೆಯ ಬಳಿಯ ಸ್ಥಳ ಅವರ ಕೆಲಸದ ಆಧಾರದ ಮೇಲೆ ಗೊತ್ತಾಯಿತು. 1959ರಲ್ಲಿ ರಾಜೇಂದ್ರ ಸೇತು ತೆರೆಯಿತು; ಕೆಳಗೆ ರೈಲು, ಮೇಲೆ ರಸ್ತೆ. ಉಗಿಹಡಗುಗಳಿಗೆ ಅಂದಿನಿಂದ ಬಿಡುವು. ಕನ್ನಡಿಗರೊಬ್ಬರ ಮುಪ್ಪಿನ ಬುದ್ಧಿಯು ಬಿಹಾರದ ಹಮಾಲರ ತಲೆಯ ಮೇಲಿನ ಹೊರೆಯನ್ನು ಇಳಿಸಿತೆಂದು ಅಭಿಮಾನದಿಂದ ಹೇಳಬಹುದು. ಹೊರೆ ಇಳಿದೊಡನೆ ಕೂಲಿಯೂ ಇಳಿದಿರಬೇಕೆಂಬುದನ್ನೂ ಜೊತೆಗೆ ನೆನೆಯಬೇಕು. ಉತ್ತರದ ಹಳಿಗಳೂ ಅನಂತರ ಅಗಲವಾದವು. 2025ರಲ್ಲಿ ಪಕ್ಕದಲ್ಲಿಯೇ ಇನ್ನೊಂದು ದೊಡ್ಡ ರಸ್ತೆಸೇತುವೆಯನ್ನೂ ತೆರೆದಿದ್ದಾರೆ.

ಹಳೆಯ ಗೋದಾಮುಗಳನ್ನೂ ಶಾಲೆಯ ಚಪ್ಪರವನ್ನೂ ಹುಡುಕಿ ನಾವು ದಡದ ಮೇಲೆ ಬೆಳಗಿನಿಂದ ಅಲೆದೆವು. ಗಂಗೆ ವರ್ಷಕ್ಕೊಮ್ಮೆ ಹಾಸಿಗೆ ಬದಲಾಯಿಸುವ ನದಿ. ಅಲ್ಲಿ ಮರಳಿತ್ತು, ಜೊಂಡಿತ್ತು, ಎಮ್ಮೆಗಳಿದ್ದವು. ಮುದುಕನಾದ ಒಬ್ಬ ದೋಣಿಯವನನ್ನು ನಮಗೆ ಬರುವ ಹಿಂದಿಯಲ್ಲಿ ವಿಚಾರಿಸಿದೆವು. ಕಾರ್ಬೆಟ್ ಎಂಬ ಹೆಸರನ್ನು ಆತ ಕೇಳಿರಲಿಲ್ಲ. “ಜಹಾಜು ಇತ್ತು ಬಾಬೂ, ನಮ್ಮ ಅಜ್ಜ ಅದರಲ್ಲಿ ಇದ್ದಲು ಹಾಕುತ್ತಿದ್ದ” ಎಂದನು. ಅಜ್ಜನ ಹೆಸರೇನೆಂದು ಕೇಳಿದಾಗ ಹೇಳಿದನು, ಜೊತೆಗೆ ಅಜ್ಜನ ತಮ್ಮನ ಹೆಸರನ್ನೂ ಹೇಳಿದನು.

ಅಷ್ಟರಲ್ಲಿ ಸೇತುವೆಯ ಮೇಲೆ ಒಂದು ಸಾಮಾನು ಗಾಡಿ ಬಂದಿತು. ಹಳೆಯ ಉಪಾಧ್ಯಾಯರಿಗೆ ಎಣಿಸುವ ಚಾಳಿ ಬಿಡುವುದಿಲ್ಲ. ಐವತ್ತೆಂಟು ಡಬ್ಬಿಗಳು, ಎಲ್ಲದರಲ್ಲೂ ಕಲ್ಲಿದ್ದಲು. ದೋಣಿಯವನು ಒಂದು ಬೀಡಿಯನ್ನು ಸೇದಿ ಮುಗಿಸುವಷ್ಟರಲ್ಲಿ ಕಡೆಯ ಡಬ್ಬಿಯೂ ಮಿಥಿಲೆಯ ದಡವನ್ನು ಸೇರಿತು.